ಗೇರ್ ಜಾರತ್ತೆ ಅಂತೀರಿ, ಜಾರ್ತಾ ಇರೋದು ಯಾವ್ದು?

ಈ ಸಲ ಬಂದ ಪತ್ರಗಳಲ್ಲಿ ಹಳೇ ಬೈಕಿನ ಗೇರ್ ಬಗ್ಗೆ ಕೇಳಿದವರೇ ಜಾಸ್ತಿ. ಮಳೆ ಕಮ್ಮಿಯಾಗಿ ಅಡಿಕೆ ಕೊಯ್ಲು ಹತ್ರ ಬಂತು ಅಂದ್ರೆ ನಮ್ ಕಡೆ ಗಾಡಿಗಳ ಮೇಲೆ ಲೋಡ್ ಬೀಳೋಕೆ ಶುರುವಾಗತ್ತೆ, ನಾಲ್ಕು ತಿಂಗಳು ಮಳೇಲಿ ನೆಂದ ಗಾಡಿ ಆವಾಗ್ಲೇ ತನ್ನ ಕಾಯಿಲೆ ತೋರ್ಸೋದು. ಎಲ್ರೂ ಗೇರ್ ಸ್ಲಿಪ್ ಆಗತ್ತೆ ಅಂತಾನೇ ಬರ್ದಿದೀರಿ, ಆದ್ರೆ ಓದ್ತಾ ಹೋದ್ರೆ ಒಬ್ರದ್ದು ಕ್ಲಚ್, ಒಬ್ರದ್ದು ಚೈನು, ಒಬ್ರದ್ದು ಮಾತ್ರ ನಿಜವಾಗ್ಲೂ ಗೇರ್ ಬಾಕ್ಸು. ಇದನ್ನ ಬೇರೆ ಬೇರೆ ಮಾಡ್ಕೊಳ್ದೆ ಗಾಡಿ ಬಿಚ್ಚಿಸಿದ್ರೆ ದುಡ್ಡೂ ಹೋಗತ್ತೆ, ಕಾಯಿಲೇನೂ ಉಳಿಯತ್ತೆ. ಅದಕ್ಕೆ ಈ ಸಲದ ಜಾಗ ಪೂರ್ತಿ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ನಮಸ್ಕಾರ ಸರ್. ಅಪ್ಪ ತಗೊಂಡಿದ್ದ ಹಳೇ ಹೀರೋ ಹೋಂಡಾ ಸ್ಪ್ಲೆಂಡರ್ ಈಗ ನಾನು ಓಡಿಸ್ತಾ ಇದೀನಿ. ಕುಮಟಾದಿಂದ ವಾಪಸ್ ಬರುವಾಗ ದೇವಿಮನೆ ಘಾಟಿಯಲ್ಲಿ ಮೂರನೇ ಗೇರಲ್ಲಿ ಎಕ್ಸಲೇಟರ್ ಕೊಟ್ರೆ ಖಟ್ ಅಂತ ಸದ್ದಾಗಿ ಗೇರು ಬಿಟ್ಟೋಗತ್ತೆ, ಇಂಜಿನ್ ಒಮ್ಮೆಲೇ ರೇಸ್ ಆಗತ್ತೆ. ಬೇರೆ ಗೇರಲ್ಲಿ ತೊಂದ್ರೆ ಇಲ್ಲ. ಗ್ಯಾರೇಜಲ್ಲಿ ಹೊಸ ಕ್ಲಚ್ ಪ್ಲೇಟ್ ಹಾಕಿದ್ರು, ಸ್ವಲ್ಪಾನೂ ಕಮ್ಮಿ ಆಗ್ಲಿಲ್ಲ. ಈಗ ಇಂಜಿನ್ ಪೂರ್ತಿ ಬಿಚ್ಬೇಕು ಅಂತಿದಾರೆ. ಬಿಚ್ಚಿಸ್ಲಾ? — ಶಿರಸಿ ತಾಲೂಕಿನ ಓದುಗರು

ಉತ್ತರ: ನಿಮ್ ಪತ್ರದಲ್ಲೇ ಅರ್ಧ ಉತ್ತರ ಇದೆ. ಒಂದೇ ಗೇರಲ್ಲಿ ಆಗತ್ತೆ, ಖಟ್ ಅಂತ ಸದ್ದು ಬರತ್ತೆ ಅಂದ್ರೆ ಅದು ಕ್ಲಚ್ ಅಲ್ಲ. ಕ್ಲಚ್ ಜಾರಿದ್ರೆ ಸದ್ದಿಲ್ದೆ ಮೆಲ್ಲಗೆ ಜಾರತ್ತೆ, ಇಂಜಿನ್ ಕೂಗ್ತಾ ಹೋಗತ್ತೆ ಗಾಡಿ ಅಷ್ಟು ಏಳಲ್ಲ, ಅದೂ ಒಂದೇ ಗೇರಲ್ಲಿ ಅಂತಿರಲ್ಲ, ಮೇಲಿನ ಗೇರುಗಳಲ್ಲಿ ಏರು ಹತ್ತೋವಾಗ ಜಾಸ್ತಿ ಗೊತ್ತಾಗತ್ತೆ. ನಿಮ್ದು ಗೇರ್ ಬಾಕ್ಸಿನ ಕಾಯಿಲೆ. ಹಾಗಂತ ಇವತ್ತೇ ಇಂಜಿನ್ ಇಳಿಸ್ಬೇಡಿ, ಹೊರಗಿಂದ ನೋಡೋದು ಇನ್ನೂ ಇದೆ.

ಮೊದ್ಲು ಗೇರ್ ಲಿವರ್ ಹಿಡಿದು ಅಲ್ಲಾಡ್ಸಿ ನೋಡಿ. ಲಿವರ್ ಕೂತಿರೋ ಶಾಫ್ಟಿನ ಹಲ್ಲು ಸವೆದಿದ್ರೆ ನೀವು ತುಳಿದಿದ್ದು ಒಳಗೆ ಪೂರ್ತಿ ಮುಟ್ಟೋದೇ ಇಲ್ಲ, ಗೇರು ಅರ್ಧಕ್ಕೆ ಬಿದ್ದಿರತ್ತೆ, ಲೋಡ್ ಬಿದ್ದ ಕೂಡ್ಲೇ ಹೊರಗೆ ಬರತ್ತೆ. ಆಮೇಲೆ ಲಿವರ್ ಕೆಳಗೆ ಹೋಗುವಾಗ ಫುಟ್‌ರೆಸ್ಟಿಗೋ ಕ್ರ್ಯಾಶ್ ಗಾರ್ಡಿಗೋ ತಾಗತ್ತಾ ನೋಡ್ಬೇಕು. ಒಮ್ಮೆ ಗಾಡಿ ಎಡಕ್ಕೆ ಬಿದ್ದಿದ್ರೆ ಫುಟ್‌ರೆಸ್ಟ್ ಮೇಲಕ್ಕೆ ಬಗ್ಗಿರತ್ತೆ, ಲಿವರ್ ಪೂರ್ತಿ ಇಳಿಯೋಕೆ ಜಾಗಾನೇ ಇರಲ್ಲ. ಇದು ಕಣ್ಣಿಗೆ ಬೀಳೋ ವಿಷಯ, ಆದ್ರೆ ಯಾರೂ ಬಗ್ಗಿ ನೋಡಲ್ಲ.

ಅದೆಲ್ಲ ಸರಿ ಇದ್ರೆ ಘಾಟಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ, ಹಿಂದೆ ವಾಹನ ಇಲ್ದೇ ಇರೋ ಜಾಗ ನೋಡ್ಕೊಂಡು. ಮೂರನೇ ಗೇರಿಗೆ ಹಾಕಿ, ಕಾಲನ್ನ ಲಿವರ್ ಮೇಲೆ ಒತ್ತಿ ಹಿಡ್ಕೊಂಡೇ ಎಕ್ಸಲೇಟರ್ ಕೊಡಿ. ಒತ್ತಿ ಹಿಡಿದಾಗ ನಿಂತು, ಕಾಲು ತೆಗೆದಾಗ ಬಿಟ್ಟೋದ್ರೆ ಗೇರನ್ನ ಜಾಗದಲ್ಲಿ ಹಿಡಿದಿಡೋ ಸ್ಟಾಪರ್ ಅಥವಾ ಅದರ ಸ್ಪ್ರಿಂಗ್ ಮೇಲೆ ಅನುಮಾನ. ಒತ್ತಿ ಹಿಡಿದ್ರೂ ಲಿವರ್ ನಿಮ್ಮ ಪಾದವನ್ನ ವಾಪಸ್ ತಳ್ಕೊಂಡು ಬಂದ್ರೆ ಕಾಯಿಲೆ ಒಳಗಿದೆ, ಡಾಗ್ ಅಂದ್ರೆ ಗೇರುಗಳನ್ನ ಒಂದಕ್ಕೊಂದು ಸಿಕ್ಕಿಸೋ ಮೊಳೆ ಸವೆದಿದೆ. ಇದನ್ನ ಒಂದೆರಡು ಸಲ ಮಾಡಿ ನಿಲ್ಸಿ. ಕೆಲವರು ಹೀಗೆ ಕಾಲು ಒತ್ಕೊಂಡೇ ವರ್ಷಗಟ್ಲೆ ಓಡಿಸ್ತಾರೆ, ಅದ್ರಿಂದ ಒಳಗೆ ಗೇರನ್ನ ಪಕ್ಕಕ್ಕೆ ತಳ್ಳೋ ಫೋರ್ಕ್ ಉಜ್ಜಿ ಉಜ್ಜಿ ಹಾಳಾಗತ್ತೆ.

ಸ್ಟಾಪರ್ ಆಗಿದ್ರೆ ನಿಮ್ ಅದೃಷ್ಟ. ಸ್ಪ್ಲೆಂಡರಲ್ಲಿ ಆ ಸ್ಟಾಪರ್ ಆರ್ಮು, ಸ್ಪ್ರಿಂಗು ಎಲ್ಲ ಬಲಗಡೆ ಕವರಿನ ಒಳಗೆ, ಕ್ಲಚ್ ಹಿಂದೆ ಇರತ್ತೆ. ಆಯಿಲ್ ಇಳಿಸಿ, ಕವರ್ ತೆಗೆದು, ಕ್ಲಚ್ ಹೊರಗೆ ತೆಗೆದ್ರೆ ಕೈಗೆ ಸಿಗತ್ತೆ, ಇಂಜಿನ್ ಫ್ರೇಮಿಂದ ಇಳಿಸೋದೇ ಬೇಡ. ಆರ್ಮಿನ ತುದೀಲಿರೋ ಸಣ್ಣ ರೋಲರ್ ಸರಾಗವಾಗಿ ತಿರುಗ್ಬೇಕು, ಸ್ಪ್ರಿಂಗ್ ಬಿಗಿಯಾಗಿರ್ಬೇಕು, ಅದನ್ನ ಹಿಡಿದಿರೋ ಬೋಲ್ಟ್ ಸಡಿಲ ಆಗಿರ್ಬಾರ್ದು. ನಿಮ್ಗೆ ಕ್ಲಚ್ ಪ್ಲೇಟ್ ಹಾಕಿದ ದಿವ್ಸ ಕವರ್ ತೆಗೆದೇ ಇದ್ರು, ಆವಾಗ್ಲೇ ಇದನ್ನೂ ನೋಡಿದ್ರೆ ಇನ್ನೊಂದು ಪ್ಯಾಕಿಂಗು, ಇನ್ನೊಂದು ಸಲದ ಕೂಲಿ ಉಳೀತಿತ್ತು.

ಇನ್ನು ಡಾಗ್ ವಿಷಯ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಮೆಕ್ಯಾನಿಕ್ ಹತ್ರ ಏನು ಕೇಳ್ಬೇಕು ಅಂತ ನಿಮ್ಗೇ ಗೊತ್ತಾಗತ್ತೆ. ಬೈಕಿನ ಗೇರ್ ಬಾಕ್ಸಲ್ಲಿ ಗೇರಿನ ಹಲ್ಲುಗಳು ಯಾವಾಗ್ಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗ್ತಾ ಇರ್ತವೆ. ನೀವು ಲಿವರ್ ತುಳಿದಾಗ ಡ್ರಮ್ ತಿರುಗತ್ತೆ, ಡ್ರಮ್ಮಿನ ಕಾಲುವೇಲಿ ಕೂತಿರೋ ಫೋರ್ಕ್ ಒಂದು ಗೇರನ್ನ ಪಕ್ಕಕ್ಕೆ ತಳ್ಳತ್ತೆ, ಆ ಗೇರಿನ ಮೈಮೇಲೆ ಉಬ್ಬಿಕೊಂಡಿರೋ ಗಟ್ಟಿ ಮೊಳೆಗಳು ಪಕ್ಕದ ಗೇರಿನ ಕಂಡಿಗೆ ಹೋಗಿ ಸಿಕ್ಕಿ ಹಾಕ್ಕೊಳ್ತವೆ. ಆ ಮೊಳೆಗಳೇ ಡಾಗ್. ಅವುಗಳ ಅಂಚನ್ನ ನೇರವಾಗಿ ಕಡಿದಿರಲ್ಲ, ಬುಡದ ಕಡೆ ಸ್ವಲ್ಪ ಒಳಕ್ಕೆ ಓರೆ ಮಾಡಿರ್ತಾರೆ. ಅಡಿಕೆ ಕೊಯ್ಯೋ ದೋಟಿಯ ಕೊಕ್ಕೆ ಎಳೆದಷ್ಟೂ ಗೊನೆಯನ್ನ ಬಿಗಿಯಾಗಿ ಹಿಡಿಯೋ ಹಾಗೆ, ಲೋಡ್ ಬಿದ್ದಷ್ಟೂ ಎರಡು ಗೇರು ಒಂದಕ್ಕೊಂದು ಎಳ್ಕೊಂಡು ಕೂರ್ತವೆ. ವರ್ಷಗಟ್ಲೆ ಅರ್ಧಂಬರ್ಧ ಕ್ಲಚ್ ಒತ್ತಿ ಗೇರ್ ಹಾಕಿ, ಅರ್ಧಕ್ಕೇ ಬಿಟ್ಟು, ಹಳೇ ಆಯಿಲಲ್ಲೇ ಓಡಿಸಿ ಆ ಅಂಚು ಉರುಟಾಗೋಗತ್ತೆ. ಉರುಟಾದ ಮೇಲೆ ಲೋಡ್ ಬಿದ್ರೆ ಎಳ್ಕೊಳ್ಳೋ ಬದ್ಲು ಒಂದನ್ನೊಂದು ಹೊರಗೆ ತಳ್ತವೆ. ನಿಮ್ಗೆ ಕೇಳೋ ಖಟ್ ಅನ್ನೋ ಸದ್ದು ಅದೇ, ಪ್ರತಿ ಸಲ ಆ ಸದ್ದು ಬಂದಾಗ ಅಂಚಿಂದ ಇನ್ನಷ್ಟು ಉಕ್ಕು ಹೋಗ್ತಾ ಇದೆ. ತಾನಾಗೇ ಸರಿ ಹೋಗೋ ಮಾತೇ ಇಲ್ಲ.

ಹಾಗೆ ಹೊರಗೆ ಬರೋ ಗೇರನ್ನ ಕಡೇಗೆ ತಡಿಯೋದು ಯಾರು, ಆ ಪಾಪದ ಫೋರ್ಕು. ಗೇರನ್ನ ಪಕ್ಕಕ್ಕೆ ಸರಿಸಿ ಸುಮ್ನೆ ಇರೋದಷ್ಟೇ ಅದರ ಕೆಲ್ಸ, ಲೋಡ್ ಹೊರೋದಲ್ಲ. ಹೊತ್ತು ಹೊತ್ತು ಒಂದು ಮುಖ ತೆಳುವಾಗತ್ತೆ, ಬಿಸಿಗೆ ನೀಲಿ ಬಣ್ಣಕ್ಕೆ ತಿರುಗತ್ತೆ, ಬಗ್ಗತ್ತೆ. ಬಿಚ್ಚಿದಾಗ ಬಗ್ಗಿದ ಫೋರ್ಕ್ ಕಣ್ಣಿಗೆ ಬೀಳತ್ತೆ, ಮೆಕ್ಯಾನಿಕ್ ಅದೊಂದನ್ನೇ ಬದ್ಲಾಯ್ಸಿ ಮುಚ್ತಾರೆ, ಸ್ವಲ್ಪ ದಿವ್ಸ ಚೆನ್ನಾಗಿರತ್ತೆ, ಆಮೇಲೆ ಅದೇ ಕಥೆ. ಯಾಕಂದ್ರೆ ಡಾಗ್ ಉರುಟಾಗೇ ಇದೆ, ಹೊಸ ಫೋರ್ಕನ್ನೂ ಅದು ತಿನ್ನತ್ತೆ. ಹಾಗಾಗಿ ಬಿಚ್ಚೋದೇ ಆದ್ರೆ ಮೂರನೇ ಗೇರಲ್ಲಿ ಸಿಕ್ಕಿ ಹಾಕ್ಕೊಳ್ಳೋ ಎರಡೂ ಗೇರು, ಅಂದ್ರೆ ಮೊಳೆ ಇರೋದು ಮತ್ತೆ ಕಂಡಿ ಇರೋದು, ಅದರ ಜೊತೆ ಫೋರ್ಕು, ಮೂರನ್ನೂ ಒಟ್ಟಿಗೇ ಹಾಕ್ಸಿ. ಗೇರನ್ನ ಶಾಫ್ಟ್ ಮೇಲೆ ಜಾರದ ಹಾಗೆ ತಡೆಯೋ ಸರ್ಕ್ಲಿಪ್ ರಿಂಗು ಬಿಚ್ಚಿದ್ದನ್ನ ತಿರುಗಿ ಹಾಕ್ಬಾರ್ದು, ಹೊಸದೇ ಬೇಕು. ಡ್ರಮ್ಮಿನ ಕಾಲುವೆ ಅಂಚು ಸವೆದಿದ್ಯಾ ಉಗುರಲ್ಲಿ ಸವರಿ ನೋಡೋಕೆ ಹೇಳಿ, ಫೋರ್ಕ್ ಕೂರೋ ಸಲಾಕೆಯನ್ನ ಗಾಜಿನ ಮೇಲೆ ಉರುಳ್ಸಿ ನೋಡೋಕೆ ಹೇಳಿ. ಡಾಗಿಗೆ ವೆಲ್ಡಿಂಗ್ ಮಾಡಿ ಕೊಡ್ತೀವಿ ಅನ್ನೋರು ಸಿಗ್ತಾರೆ, ದಯವಿಟ್ಟು ಬೇಡ. ಗೇರಿನ ಮೇಲ್ಮೈಯನ್ನ ಗಟ್ಟಿ ಮಾಡಿರ್ತಾರೆ, ವೆಲ್ಡಿಂಗ್ ಬಿಸಿಗೆ ಆ ಗಟ್ಟಿತನ ಹೋಗತ್ತೆ, ತುಂಡಾಗಿ ಒಳಗೆ ಬಿದ್ರೆ ಇಡೀ ಕ್ರ್ಯಾಂಕ್ ಕೇಸೇ ಹೋದ ಹಾಗೆ.

ಸ್ಪ್ಲೆಂಡರಲ್ಲಿ ಇಷ್ಟು ಒಳಗೆ ಹೋಗ್ಬೇಕಂದ್ರೆ ಇಂಜಿನ್ ಇಳಿಸಿ, ಹೆಡ್ಡು ಬೋರು ತೆಗೆದು ಕೇಸ್ ಎರಡು ಭಾಗ ಮಾಡ್ಲೇಬೇಕು. ಅಷ್ಟು ಬಿಚ್ಚಿದ ಮೇಲೆ ಬೇರಿಂಗು, ಆಯಿಲ್ ಸೀಲು, ಟೈಮಿಂಗ್ ಚೈನ್ ನೋಡ್ದೆ ಮುಚ್ಚೋದು ದಡ್ಡತನ. ನನ್ನ ಅಭಿಪ್ರಾಯ ಕೇಳಿದ್ರೆ, ಹೊರಗಿನ ತಪಾಸಣೆ, ಸ್ಟಾಪರ್ ಎರಡೂ ಸರಿ ಇದೆ ಅಂತ ಖಾತ್ರಿ ಆದ ಮೇಲೆ ಬಿಚ್ಚಿಸಿ, ಹಾಗೇ ಬಿಡ್ಬೇಡಿ. ಅಲ್ಲೀವರೆಗೆ ಘಾಟಿಯಲ್ಲಿ ಮೂರನೇ ಗೇರ್ ಬಳಸ್ದೆ ಎರಡರಲ್ಲೇ ಹತ್ತಿ.

ಪ್ರಶ್ನೆ: ಬಿಚ್ಚೋಕೆ ಮುಂಚೆ ಗೇರ್ ಬಾಕ್ಸ್ ಒಳಗೆ ಹಾಳಾಗಿದ್ಯಾ ಇಲ್ವಾ ಅಂತ ಮನೇಲೇ ತಿಳ್ಕೊಳ್ಳೋಕೆ ಆಗತ್ತಾ? — ಸಿದ್ದಾಪುರದ ಓದುಗರು

ಉತ್ತರ: ತಕ್ಕ ಮಟ್ಟಿಗೆ ಆಗತ್ತೆ. ಗಾಡಿ ಸ್ವಲ್ಪ ಓಡಿಸಿ ಆಯಿಲ್ ಬಿಸಿ ಆದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ ಒಂದು ಅಗಲ ತಟ್ಟೇಲಿ ಇಳಿಸ್ಕೊಳ್ಳಿ. ತಟ್ಟೇನ ಬಿಸಿಲಿಗೆ ಇಟ್ಟು ಓರೆ ಮಾಡಿ ನೋಡಿ, ಹಳೇ ಸ್ಪೀಕರಿನ ಮ್ಯಾಗ್ನೆಟ್ ಇದ್ರೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಆಯಿಲ್ ಒಳಗೆ ಆಡ್ಸಿ. ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ನುಣ್ಣನೆ ಲೇಪ ಅಂಟ್ಕೊಂಡ್ರೆ ಗಾಬರಿ ಬೇಡ, ಓಡಿದ ಗಾಡೀಲಿ ಅಷ್ಟು ಇದ್ದೇ ಇರತ್ತೆ. ಬೆರಳಿಗೆ ಚುಚ್ಚೋ ಅಂಥ ಚೂರು, ಅಂಚಿರೋ ಹೊಳೆಯೋ ಸಿಬಿರು ಬಂದ್ರೆ ಅದು ಗೇರಿನದ್ದೋ ಬೇರಿಂಗಿನದ್ದೋ ಉಕ್ಕು. ಮ್ಯಾಗ್ನೆಟ್ಟಿಗೆ ಅಂಟದ ಮಾಸಲು ಬಿಳಿ ಚೂರು ಅಲ್ಯೂಮಿನಿಯಂ, ಕ್ಲಚ್ ಹೌಸಿಂಗ್ ಅಥವಾ ಕೇಸ್ ತಿನ್ತಾ ಇದೆ ಅಂತ. ಬರೀ ಕಪ್ಪು ಕೆಸರು, ಸುಟ್ಟ ವಾಸನೆ ಇದ್ರೆ ಕ್ಲಚ್ ಪ್ಲೇಟ್. ಆ ಚೂರುಗಳನ್ನ ಬಿಳಿ ಬಟ್ಟೇಲಿ ಕಟ್ಟಿ ಗ್ಯಾರೇಜಿಗೆ ಒಯ್ದು ತೋರ್ಸಿ, ಬಾಯಲ್ಲಿ ಹೇಳೋಕಿಂತ ಅದು ಒಳ್ಳೇದು.

ಪ್ರಶ್ನೆ: ನಾನು ಬೈತಕೋಲದಿಂದ ಮೀನು ತಗೊಂಡು ಹಳ್ಳಿಗಳಿಗೆ ಹೋಗಿ ಮಾರ್ತೀನಿ. ಹಿಂದೆ ಐಸ್ ಬಾಕ್ಸ್ ಇರತ್ತೆ. ಇತ್ತೀಚೆಗೆ ಹೈವೇಲಿ ಅಂಕೋಲಾ ಕಡೆ ಹೋಗುವಾಗ ಟಾಪ್ ಗೇರಲ್ಲಿ ಇಂಜಿನ್ ಸೌಂಡ್ ಏರತ್ತೆ, ಗಾಡಿ ಎಳೆಯಲ್ಲ, ಸುಟ್ಟ ವಾಸನೆ ಬೇರೆ. ಆಯಿಲ್ ಹೋದ ತಿಂಗಳಷ್ಟೇ ಬದ್ಲಾಯ್ಸಿದ್ದು, ಕಾರಿಗೆ ಹಾಕಿ ಉಳಿದಿದ್ದ ಒಳ್ಳೇ ಆಯಿಲೇ ಹಾಕಿದ್ದು. ಗೇರ್ ಬಾಕ್ಸ್ ಹೋಯ್ತಾ? — ಕಾರವಾರದ ಓದುಗರು

ಉತ್ತರ: ಗೇರ್ ಬಾಕ್ಸ್ ಅಲ್ಲ ಮಾರಾಯ್ರೆ, ಕ್ಲಚ್. ಅನುಮಾನ ಇದ್ರೆ ಸಪಾಟು ರಸ್ತೇಲಿ ಟಾಪ್ ಗೇರಲ್ಲಿ 40 ಕಿಲೋಮೀಟರ್ ವೇಗದಲ್ಲಿದ್ದಾಗ ಎಕ್ಸಲೇಟರ್ ಪೂರ್ತಿ ತಿರುವಿ ನೋಡಿ. ಸೌಂಡ್ ಮಾತ್ರ ಏರಿ ಸ್ಪೀಡೋಮೀಟರ್ ಮುಳ್ಳು ಅಲ್ಲೇ ಇದ್ರೆ ಖಾತ್ರಿ.

ಬಿಚ್ಚೋಕೆ ಮುಂಚೆ ಕೇಬಲ್ ನೋಡಿ. ಕ್ಲಚ್ ಲಿವರಿನ ತುದೀಲಿ ಬೆರಳಿಟ್ಟು ಒತ್ತಿದ್ರೆ ಬಿಗಿ ಸಿಗೋ ಮುಂಚೆ ಸುಮಾರು 10ರಿಂದ 20 ಮಿಲಿಮೀಟರ್ ಸುಮ್ನೆ ಆಡ್ಬೇಕು. ಆಡ್ದೇ ಇದ್ರೆ ನೀವು ಕೈ ಬಿಟ್ರೂ ಕ್ಲಚ್ ಅರ್ಧ ಒತ್ತಿದ ಹಾಗೇ ಇರತ್ತೆ. ನಿಮ್ ಕಡೆ ಇನ್ನೊಂದಿದೆ, ಉಪ್ಪು ಗಾಳಿ, ಅದ್ರ ಮೇಲೆ ಐಸ್ ಬಾಕ್ಸಿಂದ ಸೋರೋ ಉಪ್ಪು ನೀರು. ಕೇಬಲ್ ಒಳಗಿನ ತಂತಿ ತುಕ್ಕು ಹಿಡಿದು ಒತ್ತಿದ್ದು ವಾಪಸ್ ಬರೋದೇ ಇಲ್ಲ. ಲಿವರ್ ಮೆಲ್ಲಗೆ, ತಡ್ಕೊಂಡು ವಾಪಸ್ ಬಂದ್ರೆ ಕೇಬಲ್ ಬದ್ಲಾಯ್ಸಿ, ಎಣ್ಣೆ ಹಾಕಿ ಉಳ್ಸೋಕೆ ಹೋಗ್ಬೇಡಿ, ಅದು ಕಡ್ಮೆ ಬೆಲೆಯ ಸಾಮಾನು.

ಎರಡನೇದು ನಿಮ್ ಆಯಿಲ್, ನನ್ ಅನುಮಾನ ಜಾಸ್ತಿ ಇರೋದು ಅದ್ರ ಮೇಲೇನೇ. ಹೆಚ್ಚಿನ ಫೋರ್ ಸ್ಟ್ರೋಕ್ ಬೈಕಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲ್ ಒಳಗೇ ಮುಳುಗಿ ಕೆಲ್ಸ ಮಾಡ್ತವೆ, ಕಾರಲ್ಲಿ ಹಾಗಲ್ಲ, ಅಲ್ಲಿ ಕ್ಲಚ್ ಒಣಗಿರತ್ತೆ. ಅದಕ್ಕೆ ಕಾರಿನ ಎಷ್ಟೋ ಆಯಿಲುಗಳಲ್ಲಿ ಪೆಟ್ರೋಲ್ ಉಳ್ಸೋಕೆ ಅಂತ ಜಾರಿಕೆ ಹೆಚ್ಚಿಸೋ ಕೆಮಿಕಲ್ ಸೇರ್ಸಿರ್ತಾರೆ. ಎಷ್ಟೇ ದುಬಾರಿ ಆಯಿಲ್ ಆದ್ರೂ ಬೈಕಿನ ಕ್ಲಚ್ಚಿಗೆ ಅದು ವಿಷ. ಡಬ್ಬದ ಹಿಂದೆ ಜಾಸೋ ಎಂಎ ಅಥವಾ ಎಂಎ2 ಅಂತ ಇರೋದನ್ನೇ ತಗೊಳ್ಳಿ, ಗ್ರೇಡ್ ನಿಮ್ ಗಾಡಿಯ ಪುಸ್ತಕದಲ್ಲಿ ಇರೋದೇ ಇರ್ಲಿ. ಈಗಿರೋದನ್ನ ಪೂರ್ತಿ ಇಳಿಸಿ ಹೊಸದು ಹಾಕಿ ಸ್ವಲ್ಪ ದಿವ್ಸ ಓಡಿಸಿ, ಬೇಗ ಗಮನಿಸಿದ್ರೆ ಅಷ್ಟಕ್ಕೇ ಸರಿ ಹೋಗೋದೂ ಉಂಟು. ಆದ್ರೆ ಸುಟ್ಟ ವಾಸನೆ ಬಂದಿದೆ ಅಂತೀರಿ, ಪ್ಲೇಟ್ ಮುಖ ಗಾಜಿನ ಹಾಗೆ ಮಿರುಗ್ತಾ ಇರತ್ತೆ, ಬದ್ಲಾಯ್ಸೋದೇ ಸರಿ.

ಬದ್ಲಾಯ್ಸುವಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ಮಧ್ಯದ ಕಬ್ಬಿಣದ ಪ್ಲೇಟುಗಳನ್ನ ಗಾಜಿನ ಮೇಲೆ ಮಲಗಿಸಿ ಅಡೀಲಿ ಸಂದಿ ಅಳೆಯೋ ತೆಳು ತಗಡು, ಅಂದ್ರೆ ಫೀಲರ್ ಗೇಜ್ ತೂರತ್ತಾ ನೋಡ್ಬೇಕು, ಬಿಸಿಗೆ ಡೊಂಕಾಗಿದ್ರೆ, ನೀಲಿ ಕಲೆ ಇದ್ರೆ ಅದನ್ನೂ ಬಿಸಾಕಿ. ಸ್ಪ್ರಿಂಗುಗಳನ್ನ ಸಾಲಾಗಿ ನಿಲ್ಸಿದ್ರೆ ಗಿಡ್ಡ ಆಗಿರೋದು ಗೊತ್ತಾಗತ್ತೆ, ಒಂದು ಗಿಡ್ಡ ಇದ್ರೂ ಪೂರ್ತಿ ಸೆಟ್ ಹಾಕ್ಸಿ. ಸ್ಪ್ರಿಂಗ್ ಕೆಳಗೆ ವಾಷರ್ ಕೊಟ್ಟು ಬಿಗಿ ಮಾಡೋದು ಮಾತ್ರ ಒಪ್ಕೋಬೇಡಿ, ಕೈಗೆ ಲಿವರ್ ಕಲ್ಲಾಗತ್ತೆ, ಕೇಬಲ್ ಬೇಗ ಹೋಗತ್ತೆ, ಸವೆದ ಪ್ಲೇಟು ಸವೆದೇ ಇರತ್ತೆ. ಹೊಸ ಪ್ಲೇಟನ್ನ ಹಾಕೋ ಮುಂಚೆ ಹೊಸ ಆಯಿಲಲ್ಲಿ ನೆನೆಸಿಡ್ಬೇಕು, ಒಣಗಿದ್ದನ್ನೇ ಹಾಕಿದ್ರೆ ಮೊದಲ ಓಟದಲ್ಲೇ ಸುಡತ್ತೆ.

ಪ್ರಶ್ನೆ: ನನ್ ಹತ್ರ ಆರ್‌ಎಕ್ಸ್ 100 ಇದೆ. ಕದ್ರಾ ದಾಟಿ ಅಣಶಿ ಘಾಟಿ ಹತ್ತೋವಾಗ ಕಟ್ ಕಟ್ ಅಂತ ಹೊಡ್ಕೊಂಡು ಜಾರತ್ತೆ, ಎಲ್ಲಾ ಗೇರಲ್ಲೂ ಆಗತ್ತೆ, ಲಿವರ್ ಮಾತ್ರ ಅಲ್ಲಾಡಲ್ಲ. — ಜೋಯಿಡಾದ ಓದುಗರು

ಉತ್ತರ: ಎಲ್ಲಾ ಗೇರಲ್ಲೂ, ಲಿವರ್ ಅಲ್ಲಾಡ್ದೆ, ಸದ್ದು ಮಾಡ್ಕೊಂಡು. ಚೈನ್ ಸೆಟ್ ನೋಡಿ ಮೊದ್ಲು. ಹಿಂದಿನ ಸ್ಪ್ರಾಕೆಟಿನ ತೀರಾ ಹಿಂಬದೀಲಿ ಚೈನನ್ನ ಎರಡು ಬೆರಳಲ್ಲಿ ಹಿಡಿದು ಹೊರಕ್ಕೆ ಎಳೀರಿ, ಅರ್ಧ ಹಲ್ಲು ಕಾಣೋಷ್ಟು ಎದ್ದು ಬಂದ್ರೆ ಚೈನ್ ಮುಗೀತು. ಎಡಗಡೆ ಕವರ್ ತೆಗೆದು ಮುಂದಿನ ಸಣ್ಣ ಸ್ಪ್ರಾಕೆಟ್ ನೋಡಿ, ಬೇಗ ಸವೆಯೋದು ಅದೇ, ಹಲ್ಲು ಒಂದು ಕಡೆ ವಾಲಿ ಚೂಪಾಗಿದ್ರೆ ಚೈನ್ ಅದ್ರ ಮೇಲಿಂದ ಹಾರ್ತಾ ಇದೆ. ಮೂರನ್ನೂ ಒಟ್ಟಿಗೇ ಹಾಕಿ, ಹಳೇ ಸ್ಪ್ರಾಕೆಟಿಗೆ ಹೊಸ ಚೈನ್ ಹಾಕಿದ್ರೆ ಹೊಸದೂ ಬೇಗ ಹಾಳಾಗತ್ತೆ. ಇದನ್ನ ತಡ ಮಾಡ್ಬೇಡಿ, ಓಡೋವಾಗ ಚೈನ್ ಬಿಚ್ಚಿ ಮುಂದಿನ ಸ್ಪ್ರಾಕೆಟಿಗೆ ಸುತ್ಕೊಂಡ್ರೆ ಕೇಸ್ ಒಡೆಯತ್ತೆ, ಹಿಂದಿನ ಚಕ್ರ ಲಾಕ್ ಆಗತ್ತೆ. ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ, ಇವತ್ತಿಗೆ ಅದರ ಕ್ರ್ಯಾಂಕ್ ಕೇಸ್ ಹುಡುಕೋದು ಎಷ್ಟು ಕಷ್ಟ ಅಂತ ನಿಮ್ಗೇ ಗೊತ್ತು. ಹಾಂ, ಟೂ ಸ್ಟ್ರೋಕ್ ಗಾಡೀಲಿ ಗೇರ್ ಬಾಕ್ಸ್ ಆಯಿಲ್ ಬೇರೆ, ಪೆಟ್ರೋಲ್ ಜೊತೆ ಸುಡೋ ಟೂ ಟಿ ಆಯಿಲ್ ಬೇರೆ. ಟೂ ಟಿ ಮಾತ್ರ ತುಂಬ್ಸಿ ಗೇರ್ ಬಾಕ್ಸಿನದ್ದು ವರ್ಷಗಟ್ಲೆ ಮರೆಯೋರು ಇದಾರೆ, ನಿಮ್ದೂ ಒಮ್ಮೆ ನೋಡಿ.

ಪ್ರಶ್ನೆ: ನಮ್ ಯಜಮಾನ್ರ ಹಳೇ ಬೈಕ್ ಮಳೆಗಾಲದಲ್ಲಿ ನೀರು ನಿಂತ ಅಂಗಳದಲ್ಲೇ ಇತ್ತು. ಈಗ ಗೇರ್ ಬೀಳೋಕೆ ಕಷ್ಟ, ಬಿದ್ರೂ ಕೆಲವೊಮ್ಮೆ ಜಾರತ್ತೆ. ಆಯಿಲ್ ನೋಡೋ ಕಡ್ಡಿ ತೆಗೆದ್ರೆ ಬಿಳಿ ಬಿಳಿ ನೊರೆ ಇದೆ. — ಹೊನ್ನಾವರದ ಓದುಗರು

ಉತ್ತರ: ಅಕ್ಕಾ, ದಯವಿಟ್ಟು ಇನ್ನು ಸ್ಟಾರ್ಟ್ ಮಾಡ್ಬೇಡಿ. ಬಿಳಿ ನೊರೆ ಅಂದ್ರೆ ಆಯಿಲಿಗೆ ನೀರು ಸೇರಿದೆ, ಆ ಮಿಶ್ರಣಕ್ಕೆ ಬೇರಿಂಗ್ ಕಾಯೋ ಶಕ್ತಿ ಇರಲ್ಲ. ಈಗಿರೋ ಆಯಿಲ್ ಇಳಿಸಿ, ಕಡ್ಮೆ ಬೆಲೆಯ ಬೈಕ್ ಆಯಿಲ್ ಹಾಕಿ, ನಿಂತಲ್ಲೇ ಒಂದೈದು ನಿಮಿಷ ಸ್ಟಾರ್ಟ್ ಇಟ್ಟು ಅದನ್ನೂ ಇಳಿಸ್ಬೇಕು. ಇಳಿದಿದ್ದು ಮತ್ತೂ ಬಿಳಿ ಇದ್ರೆ ಇನ್ನೊಮ್ಮೆ. ಸ್ವಚ್ಛ ಬಂದ ಮೇಲೆ ಸರಿಯಾದ ಆಯಿಲ್ ಹಾಕ್ಸಿ. ಕಡ್ಡಿಯ ರಬ್ಬರ್ ರಿಂಗು, ಇಂಜಿನ್ನಿನ ಗಾಳಿ ಪೈಪು ಎರಡನ್ನೂ ನೋಡೋಕೆ ಹೇಳಿ, ನೀರು ಅಲ್ಲಿಂದಾನೂ ಹೋಗಿರ್ಬಹುದು. ಗೇರ್ ಬಿಗಿ ಇದ್ದಿದ್ದು ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿದ್ರಿಂದ ಇರ್ಬಹುದು, ಆಯಿಲ್ ಬದ್ಲಾದ ಮೇಲೆ ನೋಡಿ. ಆಗ್ಲೂ ಜಾರಿದ್ರೆ ಮಾತ್ರ ಮುಂದಿನ ಮಾತು.

ಪ್ರಶ್ನೆ: ಹಳೇ ಬುಲೆಟ್, ಬಲಗಾಲಿನ ಗೇರ್. ಎರಡಕ್ಕೂ ಮೂರಕ್ಕೂ ಮಧ್ಯ ನ್ಯೂಟ್ರಲ್ ಸಿಗತ್ತೆ. — ಯಲ್ಲಾಪುರದ ಓದುಗರು

ಉತ್ತರ: ಆ ನಾಲ್ಕು ಗೇರಿನ ಬಾಕ್ಸಲ್ಲಿ ಇದು ಹಳೇ ದೂರು. ಲಿವರನ್ನ ಪೂರ್ತಿ ಒತ್ತಿ, ಗೇರ್ ಬಿದ್ದ ಮೇಲೇ ಕಾಲು ತೆಗೀರಿ. ಆಗ್ಲೂ ಸಿಕ್ರೆ ಗೇರ್ ಬಾಕ್ಸಿನ ಹೊರ ಕವರ್ ಒಳಗೆ ಕಾಲು ಗೇರಿನ ಅಡ್ಜಸ್ಟರ್ ಪ್ಲೇಟ್ ಇದೆ, ಬೋಲ್ಟ್ ಸಡಿಲ ಮಾಡಿ ಅದನ್ನ ಸ್ವಲ್ಪ ಸ್ವಲ್ಪ ಸರಿಸಿ ಕೂರಿಸ್ಬೇಕು, ಬುಲೆಟ್ ಗೊತ್ತಿರೋ ಹಿರೀ ಮೆಕ್ಯಾನಿಕ್ಕೇ ಬೇಕು ಇದಕ್ಕೆ. ನಿಮ್ ಗಾಡೀಲಿ ಕಿಕ್ ಹೊಡೆದಿದ್ದು ಕ್ಲಚ್ ಮೂಲಕಾನೇ ಇಂಜಿನ್ನಿಗೆ ಹೋಗತ್ತೆ, ಹಾಗಾಗಿ ಕಿಕ್ಕರ್ ಸುಲಭಕ್ಕೆ ಕೆಳಗಿಳಿದು ಇಂಜಿನ್ ತಿರುಗ್ದೇ ಇದ್ರೆ ಕ್ಲಚ್ಚೂ ಜಾರ್ತಾ ಇದೆ ಅಂತ ತಿಳ್ಕೊಳ್ಳಿ.

ಪ್ರಶ್ನೆ: ಗೇರ್ ಬಿಟ್ಟೋಗೋ ಗಾಡೀಲಿ ಅರಬೈಲ್ ಘಾಟಿ ಇಳೀಬಹುದಾ? ವಾರಕ್ಕೊಮ್ಮೆ ಅಂಕೋಲಾಕ್ಕೆ ಹೋಗ್ಲೇಬೇಕು. — ಯಲ್ಲಾಪುರ ಕಡೆಯ ಇನ್ನೊಬ್ಬ ಓದುಗರು

ಉತ್ತರ: ಸರಿ ಮಾಡ್ಸೋವರೆಗೆ ಬಸ್ಸಿಗೆ ಹೋಗಿ. ಹತ್ತೋವಾಗ ಗೇರ್ ಬಿಟ್ರೆ ಗಾಡಿ ನಿಲ್ಲತ್ತೆ ಅಷ್ಟೇ, ಇಳಿಯೋವಾಗ ಬಿಟ್ರೆ ಇಂಜಿನ್ ಹಿಡಿತ ಪೂರ್ತಿ ಹೋಗಿ ಎಲ್ಲಾ ಭಾರ ಬ್ರೇಕ್ ಮೇಲೆ ಬೀಳತ್ತೆ. ಹಳೇ ಗಾಡಿಯ ಡ್ರಮ್ ಬ್ರೇಕ್ ಉದ್ದ ಇಳಿಜಾರಲ್ಲಿ ಬಿಸಿಯಾಗಿ ಹಿಡಿಯೋದು ಕಮ್ಮಿ ಮಾಡತ್ತೆ, ಆ ಘಾಟೀಲಿ ಲಾರಿಗಳು ಎಷ್ಟು ಓಡಾಡ್ತವೆ ಅಂತ ನಿಮ್ಗೇ ಗೊತ್ತು. ದಾರಿ ಮಧ್ಯ ಒಮ್ಮೆ ಹಾಗೆ ಆದ್ರೆ ಕ್ಲಚ್ ಒತ್ತಿ, ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ಆಮೇಲೆ ಕೆಳಗಿನ ಗೇರಿಗೆ ಹಾಕಿ ಎಡಕ್ಕೆ ನಿಲ್ಸಿ. ಬ್ರೇಕ್ ಡ್ರಮ್ ಮುಟ್ಬೇಡಿ, ಸುಡತ್ತೆ. ಅದು ಪೂರ್ತಿ ತಣ್ಣಗಾದ ಮೇಲೆ, ಬಿಟ್ಟೋಗದ ಗೇರಲ್ಲಿ, ಹಿಂದೆ ಯಾರನ್ನೂ ಕೂರಿಸ್ಕೊಳ್ದೆ ನಿಧಾನಕ್ಕೆ ಕೆಳಗಿನ ಊರು ಸೇರಿ, ಗಾಡೀನ ಅಲ್ಲೇ ಗ್ಯಾರೇಜಲ್ಲಿ ಬಿಡಿ.